ಹಳೇದೇ ಹೆವಿ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವನಿಗೆ ಮಾಲೀಕರು ಕೇಳುವ ಪ್ರಶ್ನೆಗಳು ಹೆಚ್ಚೆಂದರೆ ನಾಲ್ಕು. ಯಾವೂರು, ಯಾವ ಆಫೀಸು, ಎಷ್ಟು ಜನ, ನೀರು ಜಾಸ್ತಿ ಖರ್ಚು ಮಾಡ್ತೀರಾ. ಉಪೇಂದ್ರ ನಾಲ್ಕಕ್ಕೂ ಉತ್ತರ ಬಾಯಿಪಾಠ ಮಾಡಿಕೊಂಡೇ ಎಂಬತ್ತೊಂದನೇ ಇಸವಿಯ ಆ ಭಾನುವಾರ ಬೆಳಿಗ್ಗೆ ಆರ್.ಟಿ. ನಗರದ ಮುನಿಶಾಮಪ್ಪನವರ ಜಗಲಿಯ ಮೇಲೆ ಕೂತಿದ್ದ. ಐದನೆಯ ಪ್ರಶ್ನೆಯೊಂದು ಬರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಉಪೇಂದ್ರ ಯಶವಂತಪುರದ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತ. ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಒಂದೇ ರೂಮಿನಲ್ಲಿ ಇನ್ನೂ ಮೂವರ ಜೊತೆ ಮಲಗುತ್ತಿದ್ದ. ದೊಡ್ಡಬಳ್ಳಾಪುರದ ಗುಂಡಣ್ಣ ಮೇಷ್ಟ್ರ ಮಗಳು ಪಂಕಜಾಳನ್ನು ನೋಡಿ ಬಂದು ಐದು ತಿಂಗಳಾಗಿತ್ತು. ಹುಡುಗಿ ಒಪ್ಪಿದ್ದಳು. ಇವನಂತೂ ಅವಳು ಕಾಫಿ ತಟ್ಟೆ ಹಿಡಿದು ಹೊಸಿಲು ದಾಟುವ ಮೊದಲೇ ಒಪ್ಪಿಬಿಟ್ಟಿದ್ದ. ಮೇಷ್ಟ್ರು ಮಾತ್ರ "ಮೊದಲು ಮನೆ, ಆಮೇಲೆ ಮುಹೂರ್ತ" ಎಂದು ಪಟ್ಟು ಹಿಡಿದು ಕೂತಿದ್ದರು. ನಾಲ್ವರು ಮಲಗುವ ರೂಮಿಗೆ ಮಗಳನ್ನು ಐದನೆಯವಳಾಗಿ ಕಳಿಸಲು ಯಾವ ತಂದೆ ತಾನೇ ಒಪ್ಪುತ್ತಾನೆ. ತಡೆಯಲಾರದೆ ಉಪೇಂದ್ರ ಹೋದ ವಾರ ಅವರಿಗೆ ಮನೆ ಸಿಕ್ಕಿದೆ ಎಂದು ಕಾಗದ ಬರೆದುಬಿಟ್ಟ, ಮುನಿಶಾಮಪ್ಪನವರ ವಿಳಾಸವನ್ನೂ ಕೊಟ್ಟ. ಮೇಷ್ಟ್ರು ಈ ದಿನ ಸಂಜೆ ನಾಲ್ಕು ಗಂಟೆಗೆ ಖುದ್ದಾಗಿ ಬಂದು ನೋಡುವುದಾಗಿ ಉತ್ತರ ಹಾಕಿದ್ದರು. ಮನೆ ಇನ್ನೂ ಸಿಕ್ಕಿರಲಿಲ್ಲ.

ಮುನಿಶಾಮಪ್ಪನವರು ಹಿಂದೆ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದವರು. ಬಡಾವಣೆ ಬಂದು ಹೊಲ ಹೋದ ಮೇಲೆ ಉಳಿದ ನೆಲದಲ್ಲಿ ಮನೆ ಕಟ್ಟಿಸಿ, ಮೇಲೊಂದು ಮಹಡಿ ಎಬ್ಬಿಸಿದ್ದರು. ನಾಲ್ಕು ಪ್ರಶ್ನೆಗಳಿಗೂ ಸರಿಯಾದ ಉತ್ತರ ಸಿಕ್ಕಿದ ಮೇಲೆ ಅವರು ಒಮ್ಮೆ ಒಳಗೆ ಇಣುಕಿ ನೋಡಿ ದನಿ ತಗ್ಗಿಸಿದರು.

"ಕೊನೇದಾಗಿ ಒಂದ್ ಮಾತು ಸಾಮಿ. ಐರನ್ ಬಪ್ಪೆಲೋ ಅಂದ್ರೆ ನಿಮಗೇನಾರ ತೊಂದ್ರೆ ಐತಾ? ಇಂದ್ಲ ಬಾಡಿಗೆಯೋರು ಅದುಕ್ಕೇ ಬುಟ್ಟೋದ್ರು."

ಉಪೇಂದ್ರನ ಕಿವಿಗೆ ಬಿದ್ದದ್ದು 'ಐರನ್' ಒಂದೇ. ಮುಂದಿನದು ಕಂಪನಿಯ ಹೆಸರಿರಬೇಕು ಎಂದುಕೊಂಡ. ಇಡೀ ಮನೆಗೆ ಒಂದೇ ಮೀಟರಿದ್ದ ಆ ಕಾಲದಲ್ಲಿ ಬಾಡಿಗೆದಾರನ ಹತ್ತಿರ ಇಸ್ತ್ರಿಪೆಟ್ಟಿಗೆ ಇದೆಯೆಂದರೆ ಮಾಲೀಕರಿಗೆ ರಾತ್ರಿಯೆಲ್ಲ ನಿದ್ದೆ ಬರುತ್ತಿರಲಿಲ್ಲ. ಕರೆಂಟಿನ ಜಗಳಕ್ಕೇ ಹಿಂದಿನವರು ಬಿಟ್ಟುಹೋಗಿದ್ದಾರೆ ಎಂದು ತೀರ್ಮಾನಿಸಿ, ಜಾಣತನದಿಂದ ಮಾತು ಜೋಡಿಸಿದ.

"ನನ್ನ ಹತ್ರಾನೂ ಒಂದಿದೆ. ಸುಳ್ಳು ಯಾಕೆ ಹೇಳ್ಲಿ. ಆದ್ರೆ ವಾರಕ್ಕೊಂದ್ಸಲ, ಭಾನುವಾರ ಮಾತ್ರ ಹಾಕೋದು. ಅರ್ಧ ಗಂಟೆ ಮೇಲೆ ಒಂದ್ ನಿಮಿಷ ಇಲ್ಲ."

ಒಳಗೆ ಎರಡು ಕುರ್ಚಿಗಳು ಒಟ್ಟಿಗೇ ಕಿರುಗುಟ್ಟಿದವು. ಎರಡು ಬಾಗಿಲುಗಳಿಂದ ಇಬ್ಬರು ಯುವಕರು ಹೊರಬಂದರು. ದೊಡ್ಡವನು ಚನ್ನಕೇಶವ, ಕಾಲೇಜು ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದವನು. ಚಿಕ್ಕವನು ಆಂಜಿನಪ್ಪ, ಇನ್ನೂ ಬಿ.ಕಾಂ. ಕಡೆಯ ವರ್ಷದಲ್ಲಿದ್ದವನು. ಇಬ್ಬರಿಗೂ ಭುಜ ಮುಟ್ಟುವ ಕೂದಲು, ಬೀದಿ ಗುಡಿಸುವ ಪ್ಯಾಂಟು, ಅಪ್ಪ ಒಂದೇ ಥಾನಿನಲ್ಲಿ ಹೊಲಿಸಿದ ಒಂದೇ ಬಣ್ಣದ ಅಂಗಿ. ಇಷ್ಟಾದರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಹಳೇದಾ ಹೊಸದಾ ಗುರು, ನಿಮ್ಮ ಹತ್ರ ಇರೋದು?" ಎಂದ ಚನ್ನಕೇಶವ.

"ಹಳೇದು. ನಮ್ಮ ತಂದೆ ಕಾಲದ್ದು."

"ನಿಮ್ ತಂದೇನೂ ಇಟ್ಕೊಂಡಿದ್ರಾ?" ಚನ್ನಕೇಶವ ಒಮ್ಮೆ ತನ್ನ ತಂದೆಯ ಕಡೆ ನೋಡಿ ನಿಟ್ಟುಸಿರು ಬಿಟ್ಟ.

"ಹೊಸದೇನ್ ಕಮ್ಮಿ ಸಾರ್?" ಎಂದ ಆಂಜಿನಪ್ಪ, ಗಡ್ಡ ಮುಂದೆ ಮಾಡಿ.

"ಹೊಸಾದೂ ನೋಡಿದೀನಪ್ಪ. ಬೇಗ ಬಿಸಿ ಆಗುತ್ತೆ, ಬೇಗ ತಣ್ಣಗಾಗುತ್ತೆ. ಎಷ್ಟಾದ್ರೂ ಹಳೇದೇ ಹೆವಿ."

ಚನ್ನಕೇಶವ ಉಪೇಂದ್ರನನ್ನು ತಬ್ಬಿಕೊಂಡ. ಆಂಜಿನಪ್ಪ ಒಳಗೆ ಹೋಗಿ ಬಾಗಿಲು ಬಡಿದುಕೊಂಡ. ಮುನಿಶಾಮಪ್ಪ ತಲೆಯ ಮೇಲೆ ಕೈ ಹೊತ್ತರು.

"ಒಬ್ಬ ಒಪ್ಪುದ್ರೆ ಸಾಲ್ದು ಸಾಮಿ. ಇಬ್ರೂ ಉಡ್ಗ್ರು ಒಪ್ಪುದ್ರೇನೇ ಬೀಗದ ಕೈ ಕೊಡೋದು. ಇಲ್ದಿದ್ರೆ ದಿನಾ ನಿಮ್ ತಲೆ ಮ್ಯಾಲೆ ರಗಳೆ."

ಒಂದು ಇಸ್ತ್ರಿಪೆಟ್ಟಿಗೆಗೆ ಇಷ್ಟು ರಗಳೆಯೇ ಎಂದು ಆಶ್ಚರ್ಯಪಡುತ್ತಲೇ ಉಪೇಂದ್ರ ಚನ್ನಕೇಶವನ ಹಿಂದೆ ಒಳಗೆ ಹೋದ. ನಡುಮನೆಯ ಗೋಡೆಯ ಮೇಲೆ ದೇವರ ಪಟಗಳ ಪಕ್ಕದಲ್ಲೇ ದೊಡ್ಡದೊಂದು ಚಿತ್ರ. ಜಟೆಬಿಟ್ಟ ನಾಲ್ಕು ಜನ ಬಿಳಿಯರು, ಕೈಯಲ್ಲಿ ಗಿಟಾರು, ನಡುವೆ ಕೊಂಬು ತಗ್ಗಿಸಿ ನಿಂತ ಒಂದು ಕಪ್ಪು ಎಮ್ಮೆ. ಕೆಳಗೆ ದಪ್ಪಕ್ಷರದಲ್ಲಿ ಐರನ್ ಬಫೆಲೋ ಎಂದಿತ್ತು. ಇಸ್ತ್ರಿ ಎಲ್ಲೂ ಕಾಣಲಿಲ್ಲ.

ಇದು ಇಂಗ್ಲಿಷ್ ಹಾಡಿನ ತಂಡ, ತಾನು ಹೊಗಳಿದ್ದು ಅದರ ಹಳೇ ಹಾಡುಗಳನ್ನು, ತೆಗಳಿದ್ದು ಹೊಸ ಹಾಡುಗಳನ್ನು ಎಂಬುದು ನಿಧಾನವಾಗಿ ಉಪೇಂದ್ರನ ತಲೆಗೆ ಹೋಯಿತು. ಊರಿನ ಮನೆಯಲ್ಲಿ ತನ್ನ ತಾಯಿ ಕೌಸಲ್ಯಮ್ಮ ಹೇಳುತ್ತಿದ್ದ ಆರತಿ ಹಾಡು ಬಿಟ್ಟರೆ ಅವನಿಗೆ ಬೇರೆ ಸಂಗೀತ ಗೊತ್ತಿರಲಿಲ್ಲ. ಮರ್ಯಾದಸ್ಥನಾದರೆ ಅಲ್ಲೇ ನಿಜ ಹೇಳಿ ಎದ್ದು ಬರಬೇಕಿತ್ತು. ಆದರೆ ಕಿಟಕಿಯಿಂದ ಮಹಡಿಯ ಮೆಟ್ಟಿಲು ಕಾಣುತ್ತಿತ್ತು. ಮೇಲೆ ಪೂರ್ವಕ್ಕೊಂದು ಬಾಲ್ಕನಿ, ಅದರಲ್ಲಿ ಬಟ್ಟೆ ಒಣಹಾಕುವ ತಂತಿ. ಆ ತಂತಿಯ ಮೇಲೆ ಪಂಕಜಾಳ ಹಸಿರು ಸೀರೆ ಹಾರಾಡುವುದನ್ನು ಉಪೇಂದ್ರ ಕಣ್ಣಾರೆ ಕಂಡ. ಕೂತುಬಿಟ್ಟ.

ಮನೆಯೊಡತಿ ಗಂಗರತ್ನಮ್ಮ ಅವರೆಕಾಳಿನ ಉಪ್ಪಿಟ್ಟು ತಂದು ಮುಂದಿಟ್ಟರು.

"ನೀವಾದ್ರೂ ಬುದ್ಧಿ ಏಳಪ್ಪ. ಅಣ್ಣ ತಮ್ಮ ಮಾತಾಡಿ ಮೂರ್ ವರ್ಸ ಆಯ್ತು. ಎಲ್ಲಾ ಒಂದ್ ಆಡಿನ್ ದೆಸೆಯಿಂದ."

ಎಮ್ಮೆಯ ಜೊತೆ ಆಡೂ ಇದೆಯೇ ಎಂದು ಉಪೇಂದ್ರ ಹಿತ್ತಲ ಕಡೆ ನೋಡಿದ. ಆಕೆ ಹೇಳಿದ್ದು ಹಾಡು ಎಂದು ತಿಳಿಯಲು ಎರಡು ತುತ್ತು ಉಪ್ಪಿಟ್ಟು ಬೇಕಾಯಿತು.

ಜಗಳ ಇಷ್ಟೇ. ಆ ತಂಡದ ಮೂರನೇ ಆಲ್ಬಂ 'ಬ್ಲ್ಯಾಕ್ ಪಾಂಡ್'. ಅದರಲ್ಲಿ ಕೊನೆಯ ಹಾಡು 'ಮಡ್ ಅಂಡ್ ಮೂನ್'. ಎರಡನೇ ಚರಣದಲ್ಲಿ ಹಾಡುಗಾರನ ಕಂಠ ಇದ್ದಕ್ಕಿದ್ದಂತೆ ಪಾತಾಳಕ್ಕಿಳಿಯುತ್ತದೆ, ತಾಳ ತೂಕಡಿಸುತ್ತದೆ, ಗಿಟಾರು ನರಳುತ್ತದೆ, ಪ್ರಪಂಚದಲ್ಲಿ ಇನ್ನೊಬ್ಬನಿಗೆ ಹಾಗೆ ಇಳಿಯಲು ಸಾಧ್ಯವಿಲ್ಲ ಎಂದು ಚನ್ನಕೇಶವನ ವಾದ. ಅಂಥದ್ದೇನೂ ಇಲ್ಲ, ಹಾಡು ಮೊದಲಿಂದ ಕೊನೆಯವರೆಗೆ ಒಂದೇ ಓಟ, ತಂಡ ನಿಜವಾಗಿ ಬೆಳೆದದ್ದೇ ನಾಲ್ಕನೇ ಆಲ್ಬಂನಿಂದ ಎಂದು ಆಂಜಿನಪ್ಪನ ವಾದ. ಇಬ್ಬರ ಹತ್ತಿರವೂ ಒಂದೊಂದು ಕ್ಯಾಸೆಟ್ಟು. ಅಣ್ಣನದರಲ್ಲಿ ಕಂಠ ಇಳಿಯುತ್ತಿತ್ತು, ತಮ್ಮನದರಲ್ಲಿ ಇಳಿಯುತ್ತಿರಲಿಲ್ಲ. ನಿನ್ನದು ಡೂಪ್ಲಿಕೇಟು ಎಂದು ಅವನು, ನಿನ್ನದೇ ಡೂಪ್ಲಿಕೇಟು ಎಂದು ಇವನು. ಅಂದಿನಿಂದ ಸಾರು ಬೇಕಾದರೂ ತಾಯಿಯ ಮೂಲಕವೇ ಕೇಳಬೇಕು.

ಹನ್ನೊಂದು ಗಂಟೆಗೆ ಸಂಘದವರು ಬಂದರು. ಆರ್.ಟಿ. ನಗರ ಐರನ್ ಬಫೆಲೋ ಅಭಿಮಾನಿಗಳ ಸಂಘಕ್ಕೆ ಒಟ್ಟು ಏಳು ಸದಸ್ಯರು. ಕಾರ್ಯದರ್ಶಿ ಮುಜಫ್ಫರ್ ಎಂಬ ತೆಳ್ಳನೆಯ ಯುವಕ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವವನು. ತಂದೆಯ ಕಾಲದಿಂದ ಕೇಳುತ್ತಿರುವ ಹಿರಿಯ ಅಭಿಮಾನಿಯೊಬ್ಬರು ಬಂದಿದ್ದಾರೆಂಬ ಸುದ್ದಿ ಅಷ್ಟರಲ್ಲಿ ಬೀದಿಯೆಲ್ಲ ಸುತ್ತಿತ್ತು. ಎಲ್ಲರೂ ಉಪೇಂದ್ರನ ಸುತ್ತ ಚಾಪೆ ಹಾಸಿ ಕೂತರು. ಆಂಜಿನಪ್ಪನೂ ಬಾಗಿಲು ತೆಗೆದು ಹೊಸಿಲ ಮೇಲೆ ಕೂತ.

"ಮೊದಲ್ನೇ ಆಲ್ಬಂ ಮುಂದೆ ಯಾವ್ದೂ ನಿಲ್ಲಲ್ಲ ಮಚ್ಚಾ," ಎಂದನೊಬ್ಬ.

"ಮೊದಲ್ನೇದ್ರಲ್ಲಿ ಏನಿದೆ, ಬರೀ ಕಿರುಚಾಟ. ಎರಡ್ನೇದು ಕೇಳು, ಆಮೇಲೆ ಮಾತಾಡು."

"ಎರಡ್ನೇದ್ರಲ್ಲಿ ಒಂದೇ ಹಾಡು ಕಣೋ ಚೆನ್ನಾಗಿರೋದು. ಉಳಿದಿದ್ದೆಲ್ಲಾ ಜಾಗ ತುಂಬಿಸೋಕೆ ಹಾಕಿರೋದು."

"ಸಾರ್," ಎಂದ ಮುಜಫ್ಫರ್ ಪೆನ್ನು ತೆರೆದು, "ನಾಲ್ಕನೇ ಆಲ್ಬಂನಲ್ಲಿ ಡ್ರಮ್ಮರ್ ಬದಲಾದ್ರಲ್ಲ, ಅದರ ಬಗ್ಗೆ ನಿಮ್ಮ ಅಭಿಪ್ರಾಯ?"

ಉಪೇಂದ್ರನಿಗೆ ಡ್ರಮ್ಮು ಗೊತ್ತಿದ್ದದ್ದು ಸೀಮೆಎಣ್ಣೆಯದು ಮಾತ್ರ. ಅವನು ಕಣ್ಣು ಮುಚ್ಚಿ ಉಗ್ರಾಣಕ್ಕೆ ಹೋದ ವರ್ಷ ವರ್ಗವಾಗಿ ಬಂದ ಹೊಸ ಗುಮಾಸ್ತನನ್ನು ನೆನೆಸಿಕೊಂಡ.

"ಹೊಸಬ್ರು ಬಂದಾಗ ಹಳಬ್ರಿಗೆ ಇರುಸುಮುರುಸು ಆಗೋದು ಸಹಜ. ಅವನು ಕೆಲಸ ಚೆನ್ನಾಗೇ ಮಾಡ್ತಾನೆ. ಆದ್ರೆ ಹೋದವನು ಎಲ್ಲೆಲ್ಲಿ ಏನೇನ್ ಇಟ್ಟಿದ್ದ ಅಂತ ಇವನಿಗೆ ಗೊತ್ತಿರಲ್ಲ ನೋಡಿ."

ಮೊದಲು ಆಂಜಿನಪ್ಪನೇ ನಿಧಾನವಾಗಿ ತಲೆಯಾಡಿಸಿದ. ಮುಜಫ್ಫರ್ ಆ ವಾಕ್ಯವನ್ನು ಬರೆದುಕೊಂಡು ಅಡಿಗೆರೆ ಎಳೆದ. ಎರಡು ಗಂಟೆ ಹೀಗೇ ನಡೆಯಿತು. ಹಾಡುಗಾರ ದೊಡ್ಡವನೋ ಗಿಟಾರಿನವನು ದೊಡ್ಡವನೋ ಎಂದರೆ ಉಪೇಂದ್ರ ತನ್ನ ಮ್ಯಾನೇಜರು ಮತ್ತು ಹೆಡ್‌ಕ್ಲರ್ಕಿನ ವಿಷಯ ಹೇಳಿದ. ತಂಡ ಒಡೆಯುತ್ತದೆಯೇ ಎಂದರೆ ಪಿಂಚಣಿಯ ತನಕ ಯಾರೂ ಬಿಡುವುದಿಲ್ಲ ಎಂದ. ಇಷ್ಟು ಅನುಭವಸ್ಥರನ್ನು ಸಂಘ ಹಿಂದೆಂದೂ ಕಂಡಿರಲಿಲ್ಲ.

ಕೊನೆಗೆ ಎರಡೂ ಕ್ಯಾಸೆಟ್ಟುಗಳನ್ನು ತಂದು ಮುಂದಿಟ್ಟರು. "ನೀವೇ ತೀರ್ಪು ಹೇಳ್ಬೇಕು," ಎಂದರು. ಅಣ್ಣನದನ್ನು ಹಾಕಿದಾಗ ಎರಡನೇ ಚರಣದಲ್ಲಿ ಹಾಡುಗಾರ ನಿಜವಾಗಿಯೂ ಕೆರೆಗಿಳಿದ ಎಮ್ಮೆಯಂತೆ ಮುಳುಗಿದ. ತಮ್ಮನದನ್ನು ಹಾಕಿದಾಗ ದಡದ ಮೇಲೇ ಓಡಿದ. ಉಪೇಂದ್ರನಿಗೆ ಎರಡೂ ಒಂದೇ ತರಹ ತಲೆನೋವು ತಂದವು. ಆದರೆ ಹನ್ನೆರಡು ವರ್ಷ ಉಗ್ರಾಣದ ಚೀಟಿ ನೋಡಿದ ಕಣ್ಣು ಅವನದು. ಡಬ್ಬಿಗಳನ್ನು ತಿರುಗಿಸಿ ನೋಡಿದ. ಎರಡರ ಮೇಲೂ ಒಂದೇ ಹಸಿರು ಮಸಿ, ಒಂದೇ ಕೈಬರಹ, ಒಂದೇ ಮೊಹರು, ರಹಮತುಲ್ಲಾ ರೆಕಾರ್ಡಿಂಗ್.

"ಎರಡೂ ಒಬ್ರೇ ಬರೆದಿರೋದು," ಎಂದ. "ಅವರನ್ನೇ ಕೇಳಿದ್ರೆ ಆಯ್ತಲ್ಲ."

ಸಂಘದವರು ಮುಖ ಮುಖ ನೋಡಿಕೊಂಡರು. ಮೂರು ವರ್ಷದಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ವಾದದ ರುಚಿ ಹತ್ತಿದವರಿಗೆ ವಿಚಾರಿಸುವ ವ್ಯವಧಾನ ಎಲ್ಲಿರುತ್ತದೆ.

ಊಟ ಮುಗಿಸಿ ಎರಡೂವರೆಗೆ ಮೆರವಣಿಗೆ ಹೊರಟಿತು. ಮುನಿಶಾಮಪ್ಪನವರೂ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹಿಂದೆ ಬಂದರು. ರಹಮತುಲ್ಲಾ ಅವರ ಅಂಗಡಿ ಬಸ್ ನಿಲ್ದಾಣದ ಹಿಂದೆ, ಹಿಟ್ಟಿನ ಗಿರಣಿಗೆ ಅಂಟಿಕೊಂಡಿತ್ತು. ಶುಕ್ರವಾರ ರಜೆಯಾದ್ದರಿಂದ ಭಾನುವಾರ ತೆಗೆದಿರುತ್ತಿತ್ತು. ಪರದೇಶದಿಂದ ಯಾರ್ಯಾರೋ ತಂದ ದೊಡ್ಡ ಗ್ರಾಮಫೋನ್ ಪ್ಲೇಟುಗಳನ್ನು ತಿರುಗಿಸಿ, ಗಿರಾಕಿ ತಂದ ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುವುದು ಅವರ ಕೆಲಸ. ಕಿವಿಯಲ್ಲಿ ಹತ್ತಿ ಇಟ್ಟುಕೊಂಡೇ ಅವರು ದೂರು ಕೇಳಿದರು.

"ನಮ್ದು ಅಂಗಡೀಲಿ ಡೂಪ್ಲಿಕೇಟ್ ಇಲ್ಲ ಸಾಬ್. ಇದೇ ಪ್ಲೇಟು. ಇಬ್ರಿಗೂ ಇದ್ರಲ್ಲೇ ಮಾಡಿ ಕೊಟ್ಟಿದ್ದು. ಕೂತ್ಕೊಳ್ಳಿ, ಹಾಕ್ತೀನಿ ಕೇಳಿ."

ಪ್ಲೇಟು ತಿರುಗಿತು. ಮೊದಲ ಚರಣ ಸಲೀಸಾಗಿ ಓಡಿತು. ಆಂಜಿನಪ್ಪ ಮೀಸೆಯಲ್ಲೇ ನಕ್ಕ. ಅಷ್ಟರಲ್ಲಿ ಪಕ್ಕದ ಗಿರಣಿಯಲ್ಲಿ ಯಾರೋ ಹೆಂಗಸು ಡಬ್ಬದ ರಾಗಿ ಸುರಿದರು, ಬೆಲ್ಟು ಎಳೆದುಕೊಂಡಿತು. ಅಂಗಡಿಯ ಬಲ್ಬು ಕೆಂಪಗಾಯಿತು. ಪ್ಲೇಟು ತೂಕಡಿಸಿತು. ಹಾಡುಗಾರನ ಕಂಠ ಜಾರಿ ಜಾರಿ ಪಾತಾಳಕ್ಕಿಳಿಯಿತು.

"ಅದೇ, ಅದೇ," ಎಂದು ಚನ್ನಕೇಶವ ಎದ್ದು ನಿಂತ. ಅವನ ಕಣ್ಣಲ್ಲಿ ನೀರಿತ್ತು.

ಆ ಹೆಂಗಸಿನ ರಾಗಿ ಮುಗಿಯಿತು. ಗಿರಣಿ ನಿಂತಿತು. ಬಲ್ಬು ಬೆಳ್ಳಗಾಗಿ, ಹಾಡುಗಾರ ಏದುಸಿರು ಬಿಡುತ್ತಾ ಮೇಲೆ ಬಂದ.

"ವೋಲ್ಟೇಜು ಸಾಬ್," ಎಂದರು ರಹಮತುಲ್ಲಾ. "ಗಿರಣಿ ಶುರು ಆದ್ರೆ ನಮ್ದು ಮೋಟ್ರು ಮಲ್ಕೊಂತದೆ. ಅಣ್ಣಂದು ಕ್ಯಾಸೆಟ್ಟು ಸಾಯಂಕಾಲ ಮಾಡಿದ್ದು, ಗಿರಣಿಗೆ ಜನ ಜಾಸ್ತಿ. ತಮ್ಮಂದು ಬೆಳಿಗ್ಗೆ ಮಾಡಿದ್ದು. ಕ್ಯಾ ಕರ್ನಾ."

ಚನ್ನಕೇಶವ ಕುಸಿದು ಕೂತ. "ಮೂರು ವರ್ಷ ನಾನು ಹಿಟ್ಟಿನ ಗಿರಣಿ ಕೇಳ್ತಿದ್ನಾ," ಎಂದ, ಯಾರಿಗೂ ಅಲ್ಲದಂತೆ. ಸಂಘದವರ ಕೆನ್ನೆಗಳು ತಡೆದ ನಗುವಿನಿಂದ ಊದಿಕೊಳ್ಳುತ್ತಿದ್ದವು. ಆಂಜಿನಪ್ಪ ಗೆದ್ದ ಮಾತನ್ನಾಡಲು ಗಂಟಲು ಸರಿಮಾಡಿಕೊಂಡ.

ಉಪೇಂದ್ರ ಗಡಿಯಾರ ನೋಡಿದ. ಮೂರೂ ಇಪ್ಪತ್ತು. ಈಗ ಯಾರಾದರೂ ನಕ್ಕರೆ ಅಣ್ಣ ಮನೆಗೆ ಹೋಗಿ ಕದ ಹಾಕಿಕೊಳ್ಳುತ್ತಾನೆ, ಅವನ ಒಪ್ಪಿಗೆ ಹೋಗುತ್ತದೆ, ಮನೆ ಹೋಗುತ್ತದೆ, ಪಂಕಜಾ ಹೋಗುತ್ತಾಳೆ. ಭಯವೂ ಇತ್ತು, ಜೊತೆಗೆ ಆ ಹುಡುಗನ ಮುಖ ನೋಡಿ ನಿಜಕ್ಕೂ ಅಯ್ಯೋ ಅನಿಸಿತ್ತು. ಬೆಳಿಗ್ಗೆಯಿಂದ ಮೊದಲ ಬಾರಿಗೆ ಅವನು ಮನಸ್ಸಿನಿಂದ ಮಾತಾಡಿದ.

"ನೋಡಿ ಚನ್ನಕೇಶವ್. ನಿಮ್ಮ ತಮ್ಮನ ಹತ್ರ ಇರೋ ಹಾಡು ಲಂಡನ್ನಲ್ಲಿ ಬೀದಿಬೀದೀಲಿ ಸಿಗುತ್ತೆ. ನಿಮ್ಮದು ಇಡೀ ಪ್ರಪಂಚದಲ್ಲಿ ಒಂದೇ. ಹಾಡಿದವನ ಹತ್ರಾನೂ ಇಲ್ಲ. ಅವನು ಅರ್ಧ ಹಾಡಿದ, ಉಳಿದರ್ಧ ನಮ್ಮ ಆರ್.ಟಿ. ನಗರ ಹಾಡಿತು."

ಆಂಜಿನಪ್ಪ ಸರಿಮಾಡಿಕೊಂಡ ಗಂಟಲಿನಿಂದ ಬೇರೆಯೇ ಮಾತು ಹೊರಬಂತು.

"ಕೇಶವಣ್ಣ, ನಂಗೂ ಒಂದು ಕಾಪಿ ಮಾಡ್ಕೊಡೋ."

"ಕಾಪಿ ಯಾಕೆ ಮಗಾ, ಅದನ್ನೇ ಇಟ್ಕೋ," ಎಂದ ಚನ್ನಕೇಶವ. ಮೂರು ವರ್ಷದ ಮೇಲೆ ಅಣ್ಣತಮ್ಮಂದಿರು ಅಪ್ಪಿಕೊಂಡರು. ಮುನಿಶಾಮಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಮುಜಫ್ಫರ್ ಎದುರಿನ ಹೂವಿನಂಗಡಿಗೆ ಓಡಿ ಕೈಯಗಲದ ಗುಲಾಬಿ ಹಾರ ತಂದು ಉಪೇಂದ್ರನ ಕೊರಳಿಗೆ ಹಾಕಿದ. ಅಲ್ಲೇ, ರಸ್ತೆಯಲ್ಲೇ, ಸಂಘದ ಅಧ್ಯಕ್ಷನೆಂದು ಘೋಷಿಸಿ ನೋಟ್‌ಬುಕ್ಕಿನಲ್ಲಿ ಬರೆದ. ಉಪೇಂದ್ರ ಹಾರದ ನಡುವಿನಿಂದ ಕೈ ಚಾಚಿದ.

"ಹಂಗಾದ್ರೆ ಬೀಗದ ಕೈ, ಯಜಮಾನ್ರೇ. ಇಬ್ರೂ ಒಪ್ಪಿದ್ರಲ್ಲ."

"ಅಪ್ಪ," ಎಂದರು ಇಬ್ಬರು ಮಕ್ಕಳೂ ಒಂದೇ ದನಿಯಲ್ಲಿ. "ಮಹಡಿ ನಮಗೇ ಬೇಕು. ಇಬ್ರೂ ಸೇರಿ ಅಲ್ಲೇ ರೆಕಾರ್ಡಿಂಗ್ ಇಟ್ಕೋತೀವಿ."

ಮುನಿಶಾಮಪ್ಪನವರ ಮುಖ ಅರಳಿತು. "ಆ ಮಾಡಿ ಕಟ್ಸಿದ್ದೇ ಇವ್ರಿಗೆ ಸಾಮಿ. ನಂಗ್ ಬೇಕು ನಂಗ್ ಬೇಕು ಅಂತ ಕಿತ್ತಾಡೋರು. ಅದುಕ್ಕೇ ಇಬ್ರುಗೂ ಬ್ಯಾಡ ಅಂತ ಬಾಡಿಗೆಗೆ ಆಕಿದ್ದೆ. ನಿಮ್ಮಿಂದ ಒಂದಾದ್ರಲ್ಲ, ಇನ್ ಬಾಡಿಗೆ ಯಾಕೆ? ಈ ಉಪ್ಕಾರ ಏಳ್ ಜನ್ಮಕ್ಕೂ ತೀರ್ಸಕಾಗಕಿಲ್ಲ."

ಬಾಡಿಗೆಗೆ ಕೊಟ್ಟು ಈ ಜನ್ಮದಲ್ಲೇ ತೀರಿಸಬಹುದಲ್ಲ ಎಂದು ಹೇಳಲು ಉಪೇಂದ್ರನಿಗೆ ನಾಲಿಗೆ ಏಳಲಿಲ್ಲ. ಮೆರವಣಿಗೆ ಅವನನ್ನು ಎಳೆದುಕೊಂಡು ಮನೆ ಕಡೆ ತಿರುಗಿತು. ಗೇಟಿನ ಮುಂದೆ ಕೊಡೆ ಊರಿಕೊಂಡು ಗುಂಡಣ್ಣ ಮೇಷ್ಟ್ರು ನಿಂತಿದ್ದರು.

"ಇದೇನ್ರೀ ಉಪೇಂದ್ರ, ಹಾರ?"

ಉಪೇಂದ್ರ ಬಾಯಿ ತೆರೆಯುವ ಮೊದಲೇ ಮುನಿಶಾಮಪ್ಪ ಮುಂದೆ ಬಂದು ಕೈಮುಗಿದರು. "ಇವ್ರು ನಮ್ ಎಮ್ಮೆ ಸಂಘದ ಅಧ್ಯಕ್ಸ್ರು ಸಾಮಿ. ಈಗ್ತಾನೇ ಆಗಿದ್ದು. ಎಲ್ರೂ ಒಂದೇ ದನಿಯಾಗೆ ಆರ್ಸವ್ರೆ."

ಮೇಷ್ಟ್ರು ಕೊಡೆ ಕಂಕುಳಿಗೆ ಸೇರಿಸಿ ಎರಡು ಹೆಜ್ಜೆ ಮುಂದೆ ಬಂದರು. ನಿವೃತ್ತಿಯಾದ ಮೇಲೆ ಅವರು ಮನೆ ಹಿಂದೆ ಹತ್ತು ಎಮ್ಮೆ ಸಾಕಿದ್ದರು. ತಮ್ಮೂರಿನ ಹಾಲು ಉತ್ಪಾದಕರ ಸಂಘದ ಅಧ್ಯಕ್ಷಗಿರಿಗೆ ಎರಡು ಸಲ ನಿಂತು ಎರಡು ಸಲವೂ ಸೋತಿದ್ದರು, ಎರಡನೆಯ ಸಲ ಮೂರೇ ಓಟಿನಲ್ಲಿ.

"ಅವಿರೋಧವಾಗಿ?" ಎಂದರು ಮೇಷ್ಟ್ರು.

"ಅವಿರೋಧವಾಗಿ," ಎಂದ ಮುಜಫ್ಫರ್, ನೋಟ್‌ಬುಕ್ಕು ತೆರೆದು ತೋರಿಸುತ್ತಾ.

"ಮೇಷ್ಟ್ರೇ, ಅದು ನೀವು ತಿಳ್ಕೊಂಡಿರೋ 'ಎಮ್ಮೆ' ಅಲ್ಲ. ಮತ್ತೆ ಮನೆ ಕೂಡ ಈಗಷ್ಟೇ ಕೈತಪ್ಪಿತು," ಎಂದ ಉಪೇಂದ್ರ. ಬೇರೆ ಸಮಯವಾಗಿದ್ದರೆ ಮೇಷ್ಟ್ರು ಅಲ್ಲಿಂದಲೇ ಬಸ್ಸು ಹತ್ತುತ್ತಿದ್ದರು.

"ಯಾವ ತಳಿಯಾದರೇನ್ರೀ, ಸಂಘ ಸಂಘವೇ. ಮನೆ ಇವತ್ತಲ್ಲ ನಾಳೆ ಸಿಗುತ್ತೆ," ಎಂದು ಅವರು ಅವನ ಬೆನ್ನು ಸವರಿದರು. "ಅಧ್ಯಕ್ಷರಿಗೆ ಸ್ವಂತದ್ದು ಎಷ್ಟಿದೆ?"

"ಒಂದೂ ಇದ್ದಂಗಿಲ್ಲ," ಎಂದರು ಮುನಿಶಾಮಪ್ಪ.

"ಛೆ, ಎಮ್ಮೆಯಿಲ್ಲದ ಅಧ್ಯಕ್ಷ ಅಂದ್ರೆ ಜನ ಆಡಿಕೊಳ್ಳಲ್ವೇ? ಬರೋ ವಾರ ನಮ್ಮ ಕಡೆಯಿಂದ ಎರಡು ಕಳಿಸ್ತೀನಿ. ಹಾಲು ಕೊಡ್ತಾ ಇರೋವು. ಕಟ್ಟೋಕೆ ಜಾಗ ಒಂದು ನೋಡ್ಬೇಕು."

ಉಪಕಾರ ತೀರಿಸಲು ದಾರಿ ಕಾಣದೆ ಒದ್ದಾಡುತ್ತಿದ್ದ ಮುನಿಶಾಮಪ್ಪನವರಿಗೆ ದಾರಿ ಕಂಡಿತು. "ಇತ್ತಲಾಗೆ ಕೊಟ್ಗೆ ಖಾಲಿ ಬಿದ್ದದೆ ಸಾಮಿ. ಒಸಾ ಶೀಟು ಆಕ್ಸಿವ್ನಿ. ಎಷ್ಟ್ ವರ್ಸ ಬೇಕಾದ್ರೂ ಇರ್ಲಿ, ಬಾಡಿಗೆ ಮಾತೇ ಎತ್ತಬ್ಯಾಡಿ. ಅಧ್ಯಕ್ಸ್ರು ದಿನಾ ಬೆಳಿಗ್ಗೆ ಐದ್ ಗಂಟೆಗೆ ಬಂದು ಆಲು ಕರ್ಕೊಂಡ್ರೆ ಆಯ್ತು."

"ಹಾಗಾದ್ರೆ ಮುಹೂರ್ತ?" ಎಂದ ಉಪೇಂದ್ರ, ಕೊನೆಯ ಆಸೆಯಿಂದ.

"ಮೊದಲು ಮನೆ, ಆಮೇಲೆ ಮುಹೂರ್ತ," ಎಂದರು ಮೇಷ್ಟ್ರು ಪ್ರೀತಿಯಿಂದಲೇ. "ಮಗಳನ್ನ ಕೊಟ್ಟಿಗೆಗೆ ಕಳಿಸೋಕಾಗುತ್ತಾ?"

ಅವರನ್ನು ಹೆಬ್ಬಾಳದ ಕಡೆಯ ಬಸ್ಸಿಗೆ ಹತ್ತಿಸಿ ಉಪೇಂದ್ರ ಯಶವಂತಪುರದ ಬಸ್ಸು ಹತ್ತಿದ. ಕೊರಳಿನ ಹಾರ ತೆಗೆಯುವುದನ್ನೂ ಮರೆತಿದ್ದ. ಟಿಕೆಟ್ಟು ಹರಿಯುತ್ತಾ ಕಂಡಕ್ಟರು ಹಾರ ನೋಡಿದ, ಪಕ್ಕದ ಖಾಲಿ ಸೀಟು ನೋಡಿದ.

"ಏನ್ ಸಾರ್, ಮದುವೆನಾ?"

"ಇಲ್ಲಪ್ಪ," ಎಂದ ಉಪೇಂದ್ರ. "ಸದ್ಯಕ್ಕೆ ಎರಡು ಎಮ್ಮೆ ನಿಶ್ಚಯ ಆಗಿದೆ."